ಉಪಯೋಗವಿಲ್ಲದ ಯಂತ್ರಗಳ ಶಿಲ್ಪಿ: ಜಾನ್ ಟ್ಯಾಂಗ್ಲಿ

ಕೆಲಸವನ್ನು ಸುಲಭಗೊಳಿಸುವ ಸಾಧನವೇ ಯಂತ್ರ ಎಂದು ಹಲಗೆಯ ಮೇಲೆ ಬರೆದು ನಾವು ಸರಳ ಯಂತ್ರಗಳ ಪಾಠ ಶುರುಮಾಡುತ್ತೇವೆ. ಸ್ವಿಟ್ಜರ್ಲೆಂಡಿನ ಶಿಲ್ಪಿ ಜಾನ್ ಟ್ಯಾಂಗ್ಲಿ ಕಟ್ಟಿದ ಯಂತ್ರಗಳು ಈ ವ್ಯಾಖ್ಯೆಗೆ ಸಿಗುವುದಿಲ್ಲ. ಅವು ನೀರೆತ್ತುವುದಿಲ್ಲ, ಹಿಟ್ಟು ಬೀಸುವುದಿಲ್ಲ. ತಿರುಗುತ್ತವೆ, ಕುಲುಕುತ್ತವೆ, ಗದ್ದಲ ಮಾಡುತ್ತವೆ, ಅಷ್ಟೆ. ಆದರೆ ಸನ್ನೆ, ರಾಟೆ, ಬೆಲ್ಟ್ ಎಲ್ಲವೂ ಅವುಗಳಲ್ಲಿ ಕಣ್ಣಿಗೆ ಕಾಣುವಂತೆ ತೆರೆದೇ ಇರುತ್ತವೆ.

ಟ್ಯಾಂಗ್ಲಿ ಹುಟ್ಟಿದ್ದು 1925ರ ಮೇ 22ರಂದು, ಫ್ರಿಬೋರ್ ನಗರದಲ್ಲಿ. ಬೆಳೆದದ್ದು ಬಾಸೆಲ್‌ನಲ್ಲಿ. ಹುಡುಗನಾಗಿದ್ದಾಗ ರಜೆಯ ದಿನಗಳಲ್ಲಿ ಕಾಡಿನ ತೊರೆಯ ಬಳಿಗೆ ಹೋಗಿ ಮರದ ನೀರಿನ ಚಕ್ರಗಳನ್ನು ಮಾಡಿ ಸಾಲಾಗಿ ನಿಲ್ಲಿಸುತ್ತಿದ್ದರು. ಪ್ರತಿ ಚಕ್ರಕ್ಕೂ ಒಂದು ಪುಟ್ಟ ಸುತ್ತಿಗೆ. ಚಕ್ರ ತಿರುಗಿದಾಗ ಅದು ಡಬ್ಬಕ್ಕೋ ಬಾಟಲಿಗೋ ಬಡಿಯಬೇಕು. ಒಂದೊಂದು ಚಕ್ರದ ವೇಗ ಒಂದೊಂದು ರೀತಿ, ಹಾಗಾಗಿ ತಾಳವೂ ಬೇರೆ ಬೇರೆ. ಹರಿಯುವ ನೀರಿನ ಶಕ್ತಿ ಚಕ್ರದ ಚಲನೆಯಾಗಿ, ಚಲನೆ ಶಬ್ದವಾಗಿ ಮಾರ್ಪಡುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ನನಗೆ ತಿಳಿದಿಲ್ಲ. ಅವರ ಜೀವನದಲ್ಲಿ ನನಗೆ ಅತಿ ಇಷ್ಟವಾದ ಭಾಗವೂ ಇದೇ.

ಮುಂದೆ ಅಂಗಡಿಯ ಗಾಜಿನ ಕಿಟಕಿಗಳನ್ನು ಅಲಂಕರಿಸುವ ಕಸುಬು ಕಲಿತರು, ಜೊತೆಗೆ ಬಾಸೆಲ್‌ನ ಕಲಾಶಾಲೆಗೂ ಹೋದರು. ಎಸೆದ ಚೂರುಪಾರುಗಳಿಂದ ಕಲೆ ಮಾಡಿದ ಕುರ್ಟ್ ಶ್ವಿಟರ್ಸ್ ಅವರ ಪರಿಚಯ ಮಾಡಿಕೊಟ್ಟವರು ಅಲ್ಲಿನ ಶಿಕ್ಷಕಿ ಜೂಲಿಯಾ ರಿಸ್. ಗುಜರಿಯ ಕಬ್ಬಿಣವೇ ಮುಂದೆ ಟ್ಯಾಂಗ್ಲಿ ಅವರ ಕಚ್ಚಾವಸ್ತುವಾಯಿತು.

1950ರ ದಶಕದ ಆರಂಭದಲ್ಲಿ ಪ್ಯಾರಿಸ್‌ಗೆ ಹೋದ ಅವರು 1959ರಲ್ಲಿ ಚಿತ್ರ ಬಿಡಿಸುವ ಯಂತ್ರಗಳನ್ನು ಪ್ರದರ್ಶಿಸಿದರು. ನೋಡಲು ಬಂದವರೇ ಕಾಗದ ಸಿಕ್ಕಿಸಿ, ಪೆನ್ನು ಆರಿಸಿ ಮೋಟಾರು ಚಾಲೂ ಮಾಡಬೇಕು. ಯಂತ್ರದ ತೋಳು ನಡುಗುತ್ತಾ ಗೀಚುತ್ತದೆ. ಒಂದು ಚಿತ್ರದಂತೆ ಇನ್ನೊಂದು ಬರುವುದಿಲ್ಲ. ಕಾರಣ ಸರಳ: ಯಂತ್ರದ ಕೀಲುಗಳು ಸಡಿಲ, ಚಕ್ರಗಳು ಸೊಟ್ಟ, ಬೆಲ್ಟ್ ಆಗಾಗ ಜಾರುತ್ತದೆ. ಎಂಜಿನಿಯರುಗಳು ಯಾವುದನ್ನು ತೆಗೆದುಹಾಕಲು ಹೆಣಗುತ್ತಾರೋ ಅದನ್ನೇ ಇವರು ಬೇಕೆಂದು ಸೇರಿಸಿದರು. ನಾವು ಘರ್ಷಣೆ ಇಲ್ಲವೆಂದು ಭಾವಿಸಿ ಎಂದು ರಾಟೆಯ ಲೆಕ್ಕ ಕೊಡುತ್ತೇವೆ. ಇಲ್ಲಿ ಆ ಬಿಟ್ಟುಬಿಟ್ಟ ಘರ್ಷಣೆಯೂ ಸೇರಿಯೇ ಚಿತ್ರವಾಗುತ್ತದೆ.

1960ರ ಮಾರ್ಚ್ 17ರಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ತೋಟದಲ್ಲಿ ಅವರ ಅತಿ ಪ್ರಸಿದ್ಧ ಯಂತ್ರ ಓಡಿತು. ಸೈಕಲ್ ಚಕ್ರಗಳು, ಪಿಯಾನೋ, ಸ್ನಾನದ ತೊಟ್ಟಿ, ಹವಾಮಾನದ ಬಲೂನು ಎಲ್ಲ ಸೇರಿದ್ದ ಅದು ತನ್ನನ್ನು ತಾನೇ ನಾಶಮಾಡಿಕೊಳ್ಳಬೇಕಿತ್ತು. ಬೆಲ್ ಪ್ರಯೋಗಾಲಯದ ಎಂಜಿನಿಯರ್ ಬಿಲ್ಲಿ ಕ್ಲೂವರ್ ನೆರವಾಗಿದ್ದರು. ಯೋಜನೆಯಂತೆ ಎಲ್ಲವೂ ನಡೆಯಲಿಲ್ಲ. ಚಿತ್ರ ಬಿಡಿಸುವ ಭಾಗದಲ್ಲಿ ಕಾಗದದ ಸುರುಳಿ ಉಲ್ಟಾ ಸುತ್ತಿಕೊಂಡಿತು. ಬೆಂಕಿ ಹತ್ತಿತು. ಸುಮಾರು 27 ನಿಮಿಷದಲ್ಲಿ ಅಗ್ನಿಶಾಮಕ ಸಿಬ್ಬಂದಿ ಆಟ ನಿಲ್ಲಿಸಿದರು. ಟ್ಯಾಂಗ್ಲಿ ಅವರಿಗೆ ಬೇಸರವಾಗಲಿಲ್ಲವಂತೆ. ಪಿಯಾನೋ ಸುಡುವುದು ನನಗೇನೋ ಒಪ್ಪಿಗೆಯಾಗದು. ಆದರೂ ತರಗತಿಯಲ್ಲಿ ಪ್ರಯೋಗ ಕೈಕೊಟ್ಟ ತಕ್ಷಣ ಉಪಕರಣವನ್ನು ಮೇಜಿನ ಕೆಳಗೆ ಸರಿಸುವ ನಮ್ಮಂಥವರು ಆ ಉಲ್ಟಾ ಸುರುಳಿಯ ಬಗ್ಗೆ ಮಕ್ಕಳೊಡನೆ ಮಾತಾಡಬಹುದು. ಬೆಲ್ಟನ್ನು ನೇರವಾಗಿ ಹಾಕಿದರೆ ಎರಡು ಚಕ್ರಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ, ಎಂಟರ ಆಕಾರದಲ್ಲಿ ಹಾಕಿದರೆ ವಿರುದ್ಧ ದಿಕ್ಕಿಗೆ.

1977ರಲ್ಲಿ ಬಾಸೆಲ್‌ನ ಹಳೆಯ ನಾಟಕಶಾಲೆ ಇದ್ದ ಜಾಗದಲ್ಲಿ ಅವರು ಕಾರಂಜಿಯೊಂದನ್ನು ಮಾಡಿದರು. ಆ ರಂಗಮಂದಿರದ ಯಂತ್ರಭಾಗಗಳನ್ನೇ ಬಳಸಿ ಮಾಡಿದ 10 ಆಕೃತಿಗಳು ತೆಳುವಾದ ನೀರಿನಲ್ಲಿ ನಿಂತು ನೀರೆರಚುತ್ತವೆ, ಜರಡಿ ಹಿಡಿಯುತ್ತವೆ. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟಿ ಅವುಗಳ ರೂಪವೇ ಬದಲಾಗುತ್ತದೆ. ಪ್ಯಾರಿಸ್‌ನ ಸ್ಟ್ರಾವಿನ್ಸ್ಕಿ ಕಾರಂಜಿಯನ್ನು 1983ರಲ್ಲಿ ಪತ್ನಿ ನಿಕಿ ದ ಸ್ಯಾಂ ಫಾಲ್ ಅವರೊಂದಿಗೆ ಸೇರಿ ಮಾಡಿದರು.

1991ರ ಆಗಸ್ಟ್ 30ರಂದು ಬರ್ನ್ ನಗರದಲ್ಲಿ ಟ್ಯಾಂಗ್ಲಿ ತೀರಿಕೊಂಡರು. 1996ರಲ್ಲಿ ಬಾಸೆಲ್‌ನಲ್ಲಿ ಅವರ ಹೆಸರಿನ ಸಂಗ್ರಹಾಲಯ ತೆರೆಯಿತು. ಅಲ್ಲಿ ಮಕ್ಕಳು ಗುಂಡಿ ಒತ್ತಿ ಯಂತ್ರಗಳನ್ನು ಓಡಿಸಬಹುದು. ಒಮ್ಮೆ ಓಡಿದ ಯಂತ್ರಕ್ಕೆ ಸ್ವಲ್ಪ ಹೊತ್ತು ವಿರಾಮ. ಸವೆತ ತಪ್ಪಿಸಬೇಕಲ್ಲ! ಮುಂದಿನವರು ಅಲ್ಲಿಯವರೆಗೆ ಕಾಯಬೇಕು.