ರಾಮನ್ ಅವರ ಜೇಬಿನ ಸ್ಪೆಕ್ಟ್ರೋಸ್ಕೋಪ್

ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬಲ್ಲಿ ಸ್ಪೆಕ್ಟ್ರೋಮೀಟರ್ ಮುಂದೆ ಕತ್ತು ಬಗ್ಗಿಸಿ ಸಾಕಾಗಿ, ಸೀನಿಯರ್ ರೆಕಾರ್ಡಿನಿಂದ ರೀಡಿಂಗ್ ಇಳಿಸಿಕೊಂಡವರು ನಾವು. ಹಾಗಾಗಿ ಸರ್ ಸಿ.ವಿ. ರಾಮನ್ ಬಗ್ಗೆ ಬರೆಯೋಕೆ ಸ್ವಲ್ಪ ಸಂಕೋಚವೇ.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ರಾಮನ್, 1907ರಲ್ಲಿ ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಗೆ ಸೇರಿದರು. ಹಗಲೆಲ್ಲ ಲೆಕ್ಕಪತ್ರ, ಬೆಳಗ್ಗೆ, ಸಂಜೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಾಲಯ. ಹತ್ತು ವರ್ಷ ಹೀಗೇ ನಡೆಸಿ, 1917ರಲ್ಲಿ ಒಳ್ಳೇ ಸಂಬಳದ ನೌಕರಿ ಬಿಟ್ಟು ಪ್ರಾಧ್ಯಾಪಕರಾದರು.

1921ರ ಹಡಗಿನ ಪ್ರಯಾಣದಲ್ಲಿ ಅವರ ಹತ್ತಿರ ಇದ್ದದ್ದು ಒಂದು ನಿಕೋಲ್ ಪ್ರಿಸಂ, ಜೇಬಲ್ಲಿ ಹಿಡಿಯೋ ಸ್ಪೆಕ್ಟ್ರೋಸ್ಕೋಪ್. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಅಂತ ಆಗ ನಂಬಿದ್ದರು. ಪ್ರಿಸಂನಿಂದ ಪ್ರತಿಫಲನ ತಡೆದರೂ ನೀಲಿ ಉಳಿಯಿತು. ನೀರೇ ಬೆಳಕನ್ನು ಚದುರಿಸುತ್ತಿತ್ತು! ಅದೇ ಜಾಡು ಹಿಡಿದು, ಕೆ.ಎಸ್. ಕೃಷ್ಣನ್ ಜೊತೆ ದುಡಿದು, 1928ರ ಫೆಬ್ರವರಿ 28ರಂದು ಬಣ್ಣ ಬದಲಿಸಿ ಬರುವ ಬೆಳಕನ್ನು ಕಣ್ಣಾರೆ ಕಂಡರು. ಅದು ಸುಮಾರು ಒಂದು ಕೋಟಿ ಫೋಟಾನ್‌ಗೆ ಒಂದು. 1930ರಲ್ಲಿ ನೊಬೆಲ್ ಬಂತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಆಡಳಿತದ ಜಗಳದಲ್ಲಿ 1937ರಲ್ಲಿ ಆ ಸ್ಥಾನ ಹೋಯಿತು. ಮುನಿಸಿಕೊಂಡು ಊರು ಬಿಡಲಿಲ್ಲ. ಅಲ್ಲೇ ಪಾಠ, ಸಂಶೋಧನೆ ಮುಂದುವರಿಸಿ, 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅದರ ತೋಟದಲ್ಲೇ ದಹನವಾಯಿತು. ಅಲ್ಲಿ ಗೋರಿಯಿಲ್ಲ, ಒಂದು ಮರವಿದೆ.

ಈಗ ಜೇಬಿನ ಆ ಯಂತ್ರವನ್ನು ಉಗುರಿನಷ್ಟು ಚಿಪ್ ಮೇಲೆ ಕೂರಿಸುವ ಕೆಲಸ ಲೋಕದಾದ್ಯಂತ ನಡೆದಿದೆ. ಸಿಲಿಕಾನ್ ಮೇಲೆ ಕೂದಲಿಗಿಂತ ಸಣ್ಣ ವೇವ್‌ಗೈಡ್ ಕೊರೆದು, ಅದರಲ್ಲಿ ಬೆಳಕು ಹರಿಸಿ ಬಣ್ಣ ಬಿಡಿಸುತ್ತಾರೆ. ತೊಡಕೇನೆಂದರೆ, ಬೆಳಕಿನ ದಾರಿ ಗಿಡ್ಡವಾದಷ್ಟೂ ಹತ್ತಿರದ ಬಣ್ಣಗಳನ್ನು ಬೇರ್ಪಡಿಸೋದು ಕಷ್ಟ. ಅದಕ್ಕೇ ದಾರಿಯನ್ನು ಸುರುಳಿ ಸುತ್ತಬೇಕು, ಇಲ್ಲವೇ ಉಂಗುರದಲ್ಲಿ ಮತ್ತೆ ಮತ್ತೆ ಓಡಿಸಬೇಕು. ಸುತ್ತಿದಷ್ಟೂ ಬೆಳಕು ಸೋರುತ್ತದೆ. ರಾಮನ್ ಕಂಡಂಥ ಕ್ಷೀಣ ಬೆಳಕಿಗೆ ಆ ಸೋರಿಕೆಯೇ ದೊಡ್ಡ ಶತ್ರು.

ಇದೆಲ್ಲ ದೂರದ ಮಾತೂ ಅಲ್ಲ. 2023ರಲ್ಲಿ ಹಾರಿದ ಆದಿತ್ಯ-ಎಲ್1ರಲ್ಲಿ ಸೂರ್ಯನ ಕರೋನಾ ನೋಡುವ, ಒಳಗೆ ಸ್ಪೆಕ್ಟ್ರೋಗ್ರಾಫ್ ಇರುವ ಉಪಕರಣ ಜೋಡಣೆಯಾದದ್ದು ನಮ್ಮ ಹೊಸಕೋಟೆಯ ಕ್ಯಾಂಪಸ್ಸಲ್ಲೇ.

ಯಂತ್ರ ಎಷ್ಟೇ ಚಿಕ್ಕದಾಗಲಿ, ಅದರೊಳಗೆ ಇಣುಕಿ ನೋಡೋ ಕೆಲಸ ನಮ್ಮದೇ. ಮುಂದಿನ ಲ್ಯಾಬಿನ ರೀಡಿಂಗ್ ನಾವೇ ತೆಗೆಯೋಣ, ತಪ್ಪಾದರೂ ಸರಿ.