ಸ್ಕ್ವಾಷೂ ಅವರದೇ, ಬಾಟ್ಲಿಯೂ ಅವರದೇ: ವಿಠಲ್ ಮಲ್ಯ ಕಂಡುಕೊಂಡ ಸತ್ಯ

ಬೆಂಗಳೂರಿನ ಬಾರ್‌ಗಳಲ್ಲಿ ಮ್ಯಾಂಡರಿನ್ ಲಿಕರ್ ಹಾಕಿದ ಕಾಕ್‌ಟೇಲ್ ಸಿಗುತ್ತೆ. ಹೆಸರು ಫಾರಿನ್ನು, ಹಣ್ಣು ನಮ್ಮ ಕೊಡಗಿನ ಕಿತ್ತಳೆಯ ಜಾತಿಯದ್ದೇ. ಎಂಜಿನಿಯರಿಂಗ್ ಓದಿದವನ ಚಟ, ಒಂಚೂರು ಕೆಮಿಸ್ಟ್ರಿ ಹೇಳಿಬಿಡ್ತೀನಿ. ಕಿತ್ತಳೆಯ ಘಮ ಸಿಪ್ಪೆಯ ಎಣ್ಣೆಯಲ್ಲಿರುತ್ತೆ. ಅದು ನೀರಲ್ಲಿ ಕರಗಲ್ಲ, ಆಲ್ಕೋಹಾಲ್‌ನಲ್ಲಿ ಕರಗುತ್ತೆ. ಸಿಪ್ಪೆ ನೆನೆಸಿ, ಭಟ್ಟಿ ಇಳಿಸಿ, ಸಕ್ಕರೆ ಬೆರೆಸಿದರೆ ಲಿಕರ್. ಅಷ್ಟು ದುಡ್ಡಿಲ್ಲದ ಮಧ್ಯಮ ವರ್ಗ ಜಿನ್‌ಗೆ ಕಿತ್ತಳೆ ಸ್ಕ್ವಾಷ್ ಬೆರೆಸಿಕೊಂಡು ಅದೇ ರುಚಿ ಹುಡುಕಿತು. ಸ್ಕ್ವಾಷ್ ಮಾಡುವ ಕಂಪನಿ, ಮದ್ಯದ ಕಂಪನಿ ಎರಡನ್ನೂ ಒಂದೇ ಸೂರಿನಡಿ ತಂದವರು ವಿಠಲ್ ಮಲ್ಯ.

ಮಗನ ಕತೆ ನಿಮಗೆ ಗೊತ್ತೇ ಇದೆ. ನನಗೆ ಅಪ್ಪನ ಕತೆಯೇ ಹೆಚ್ಚು ರಾಜಕೀಯದ್ದು ಅನ್ಸುತ್ತೆ.

ಮೂಲ ಬಂಟ್ವಾಳ. ತಂದೆ ಸೇನೆಯಲ್ಲಿ ವೈದ್ಯರು. ವಿಠಲ್ ಹುಟ್ಟಿದ್ದು 1924ರಲ್ಲಿ, ಢಾಕಾದಲ್ಲಿ. ಓದಿದ್ದು ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿದ್ದ ಹೊತ್ತಿನಲ್ಲಿ ಈ ಹುಡುಗ ಯುನೈಟೆಡ್ ಬ್ರೂವರೀಸ್‌ನ ಷೇರು ಕೊಳ್ಳತೊಡಗಿದ. 1915ರಲ್ಲಿ ಹುಟ್ಟಿದ ಆ ಕಂಪನಿಗೆ ಬ್ರಿಟಿಷ್ ಸೈನಿಕರೇ ದೊಡ್ಡ ಗಿರಾಕಿಗಳು. 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕನಾದಾಗ ಅವರಿಗಿನ್ನೂ 23.

ಕಾಲ ಮಾತ್ರ ಉಲ್ಟಾ ಇತ್ತು. ಕಾಂಗ್ರೆಸ್ಸಿಗೆ ಪಾನನಿಷೇಧ ಗಾಂಧೀಜಿಗೆ ಕೊಟ್ಟ ಮಾತು. ಸಂವಿಧಾನದ 47ನೇ ವಿಧಿಯಲ್ಲೂ ಅದು ಸೇರಿತು. ಮುಂಬೈ ಪ್ರಾಂತ್ಯದ ಗೃಹಮಂತ್ರಿ ಮೊರಾರ್ಜಿ ದೇಸಾಯಿ 1949ರಲ್ಲಿ ಕಡಕ್ ಕಾಯ್ದೆ ತಂದರು. ಇವತ್ತು ಗದಗ ಜಿಲ್ಲೆಯಲ್ಲಿರುವ ರೋಣ ತಾಲೂಕಿನ ಬೆಳವಣಕಿ ಆಗ ಧಾರವಾಡ ಜಿಲ್ಲೆ, ಅಂದರೆ ಮುಂಬೈ ಸರ್ಕಾರದ ಕೆಳಗೆ. ಆ ಕಾಯ್ದೆ ಅಲ್ಲಿಗೂ ಬಂತು.

ಎಲ್ಲರೂ ಮದ್ಯದ ಧಂದೆ ಮುಗೀತು ಅಂದುಕೊಂಡಾಗ ಮಲ್ಯ ಕೊಳ್ಳುತ್ತಲೇ ಹೋದರು. 1950ರಲ್ಲಿ ಕಿಸಾನ್, 1951ರಲ್ಲಿ ಮದ್ರಾಸಿನ ಮೆಕ್‌ಡೊವೆಲ್. ಒಂದು ಕೈಯಲ್ಲಿ ಜಾಮು, ಸ್ಕ್ವಾಷು. ಇನ್ನೊಂದು ಕೈಯಲ್ಲಿ ಬಾಟ್ಲಿ. ನಿಷೇಧ ಬಿಗಿಯಾದರೆ ಮೊದಲನೆಯದು ಕಾಪಾಡುತ್ತೆ, ಸಡಿಲಾದರೆ ಎರಡನೆಯದು ದುಡಿಯುತ್ತೆ. ಸಡಿಲಾಯಿತು ಕೂಡ: 1967ರಲ್ಲಿ ಮೈಸೂರು ರಾಜ್ಯ ನಿಷೇಧ ಕೈಬಿಟ್ಟಿತು. 1977ರಲ್ಲಿ ಮೊರಾರ್ಜಿ ಪ್ರಧಾನಿಯಾಗಿ ದೇಶಕ್ಕೆಲ್ಲ ನಿಷೇಧ ತರಲು ಹೊರಟರು. ಎರಡೇ ವರ್ಷಕ್ಕೆ ಅವರ ಸರ್ಕಾರ ಬಿತ್ತು, ಮಲ್ಯರ ಸಾಮ್ರಾಜ್ಯ ನಿಂತಿತ್ತು. ಪ್ರಚಾರದಿಂದ ದೂರವಿದ್ದ ಮನುಷ್ಯ 1983ರಲ್ಲಿ ತೀರಿಕೊಂಡರು. ಬೆಂಗಳೂರಿನ ಗ್ರಾಂಟ್ ರಸ್ತೆಗೆ ಈಗ ಅವರದೇ ಹೆಸರು.

ಮಲ್ಯ ಕಂಡುಕೊಂಡ ಸತ್ಯ ಸಿಂಪಲ್: ಸರ್ಕಾರದ ಬಾಯಿ ಗಾಂಧಿ ಹೆಸರು ಹೇಳಿದರೂ ಕೈ ಅಬಕಾರಿ ಹಣ ಎಣಿಸುತ್ತೆ. ಆಮೇಲಿನ ಚರಿತ್ರೆ ಅದನ್ನೇ ಸಾಬೀತು ಮಾಡಿದೆ. 2003ರಲ್ಲಿ ಪಾನೀಯ ನಿಗಮ ಕಟ್ಟಿಕೊಂಡು ಕರ್ನಾಟಕ ಸರ್ಕಾರವೇ ಮದ್ಯದ ಸಗಟು ವ್ಯಾಪಾರಿ ಆಯಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕಂಪನಿ ಮದ್ಯ ನಿಲ್ಲಲಿಲ್ಲ. ಬಡವ ಕುಡಿಯೋದು ಬಿಡಲಿಲ್ಲ, ಹೆಚ್ಚು ರೊಕ್ಕ ಕೊಡೋದು ಕಲಿತ.

ಹಾಗಾಗಿ ಬೆಳವಣಕಿಯಂಥ ಊರಿನ ಹೆಣ್ಣುಮಕ್ಕಳು ಸೆರೆ ಬಂದ್ ಮಾಡ್ರಿ ಅಂತ ಕೇಳಿದರೆ, ಅದನ್ನ ಕುಡುಕ ಗಂಡನ ಮೇಲಿನ ಸಿಟ್ಟು ಅಂತಷ್ಟೇ ಬರೆದು ಮುಗಿಸಬೇಡಿ. ಬಜೆಟ್‌ನ ಅಬಕಾರಿ ಸಾಲು ತೆಗೆದು ನೋಡಿ. ಆ ಹಣ ಇಲ್ಲದೆ ಸಂಬಳ, ರಸ್ತೆ, ಗ್ಯಾರಂಟಿ ನಡೆಸುವ ದಾರಿ ಯಾವುದು? ಮುಂದಿನ ಸಲ ಮತ ಕೇಳಲು ಬಂದವರನ್ನ ಮೊದಲು ಕೇಳಬೇಕಾದ್ದು ಇದನ್ನೇ.