ಕಪ್ಪೆಗಳ ನಾರಾಯಣರಾಯರು

ಮಿರಗದ ಮೊದಲ ಮಳೆ ಬಿದ್ದ ರಾತ್ರಿ ಕಲಬುರಗಿಯ ಕೋಟೆಯ ಕಂದಕದ ದಂಡೆಯಲ್ಲಿ ನಿಂತವರಿಗೆ ಬಹಮನಿ ಸುಲ್ತಾನರ ನೆನಪು ಬರುವುದು ಕಷ್ಟ. ಕಪ್ಪೆಗಳ ಆ ಗದ್ದಲದಲ್ಲಿ ಬೇರೆ ಯಾವ ನೆನಪಿಗೂ ಎಡೆಯಿರುವುದಿಲ್ಲ. ಆ ಗದ್ದಲವನ್ನು ಅರಸಿಕೊಂಡು ಹೋಗುವುದು ಕೆಲವು ವರ್ಷಗಳಿಂದ ನನಗೊಂದು ಹವ್ಯಾಸವಾಗಿದೆ. ಕೈಯಲ್ಲಿ ಒಂದು ಬ್ಯಾಟರಿ, ಕಾಲಿಗೆ ರಬ್ಬರಿನ ಬೂಟು, ಜೇಬಿನಲ್ಲಿ ಒಂದು ಟಿಪ್ಪಣಿ ಪುಸ್ತಕ; ಇಷ್ಟೇ ಇದರ ಬಂಡವಾಳ. ಹಾವು, ಓತಿ, ಹಲ್ಲಿ, ಕಪ್ಪೆಗಳನ್ನು ಅವು ಇರುವಲ್ಲಿಯೇ ಕಂಡು, ಹಿಡಿಯದೆ, ಹೊತ್ತು ತಾರದೆ ಮರಳಿ ಬರುವ ಈ ವಿಹಾರವನ್ನು ನನ್ನ ಮನೆಯವರು ಇನ್ನೂ ಹವ್ಯಾಸವೆಂದು ಒಪ್ಪಿಲ್ಲ. ಕಲ್ಲುಗಳ ಸಂದಿಯಲ್ಲಿ ಮಂಡಲದ ಹಾವು ಇರಬಹುದೆಂಬ ಅವರ ಭಯ ನಿರಾಧಾರವಾದುದೂ ಅಲ್ಲ.

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ಅಲ್ಲಿನ ಒಂದು ತೋಟದಲ್ಲಿ, ಮಳೆ ಬಿದ್ದ ಮರುದಿನ, ಚೆಂಡಿನಂತೆ ಉಬ್ಬಿಕೊಂಡ ಒಂದು ಕಪ್ಪೆ ನನಗೆ ಕಾಣಿಸಿತು. ಮೋರೆ ಮೊಂಡು, ಕಾಲು ಗಿಡ್ಡ. ಕೂಗಿದರೆ ಆಡಿನ ಮರಿ ಅರಚಿದಂತೆ. ವರ್ಷದ ಹೆಚ್ಚು ಕಾಲ ನೆಲದೊಳಗಿದ್ದು, ಗೆದ್ದಲು ಇರುವೆಗಳನ್ನು ತಿಂದುಕೊಂಡು, ಮಳೆ ಬಿದ್ದಾಗ ಮಾತ್ರ ಮದುವೆಗೆಂದು ಹೊರಗೆ ಬರುವ ಜೀವಿ. ತೋಟದ ಯಜಮಾನರು ಅದರ ಹೆಸರು ಕೇಳಿದರು. ಯೂಪೆರೊಡಾನ್ ಸಿಸ್ಟೋಮ ಎಂದೆ. 1799ರಲ್ಲಿ ಶ್ನೈಡರ್ ಎಂಬ ಜರ್ಮನ್ ಪಂಡಿತನು ಇಟ್ಟ ಹೆಸರೆಂದೂ ಸೇರಿಸಿದೆ. ನಮ್ಮ ಹೊಲದ ಕಪ್ಪೆಗೆ ಜರ್ಮನಿಯವನು ಹೆಸರಿಡಬೇಕಾಯಿತೇ, ನಮ್ಮವರು ಯಾರೂ ಈ ಕೆಲಸ ಮಾಡಲಿಲ್ಲವೇ ಎಂದು ಅವರು ಕೇಳಿದಾಗ ನಾನು ಉತ್ತರ ತೋಚದೆ ನಿಂತೆ. ಉತ್ತರ ಇತ್ತು, ನನಗೆ ತಿಳಿದಿರಲಿಲ್ಲ. ಸಿ. ಆರ್. ನಾರಾಯಣರಾಯರ ಪರಿಚಯ ನನಗಾದದ್ದು ಆ ನಾಚಿಕೆಯಿಂದ.

1882ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ನಾರಾಯಣರಾಯರು ಓದಿದ್ದು ಬಳ್ಳಾರಿಯಲ್ಲಿ. ನಮ್ಮ ಕಲಬುರಗಿಯಂತೆಯೇ ಬಿಸಿಲಿಗೆ ಹೆಸರಾದ ಆ ಊರಿನಲ್ಲಿ, ಮೊದಲ ಮಳೆಯ ರಾತ್ರಿ ಆ ಹುಡುಗನ ಕಿವಿಗೆ ಏನು ಬಿದ್ದಿರಬಹುದೆಂದು ಊಹಿಸುವುದು ನನ್ನ ಅಧಿಕಪ್ರಸಂಗ. ಆದರೂ ಊಹಿಸದೆ ಇರಲಾರೆ. ಮುಂದೆ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಹೆಂಡರ್ಸನ್ ಎಂಬ ಅಧ್ಯಾಪಕರ ಶಿಷ್ಯರಾಗಿ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನೂ ಚಿನ್ನದ ಪದಕವನ್ನೂ ಪಡೆದರು. ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಪಾಠ ಹೇಳಿದ ಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿ, ಅಲ್ಲಿ ಪ್ರಾಣಿಶಾಸ್ತ್ರದ ವಿಭಾಗವನ್ನು ಕಟ್ಟಿ, ನಿವೃತ್ತಿಯವರೆಗೂ ಅದರ ಮುಖ್ಯರಾಗಿದ್ದರು.

ಅಂದಿನ ಸ್ಥಿತಿಯನ್ನು ವಾಚಕರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಭಾರತದ ಕಪ್ಪೆಗಳ ವಿಷಯದಲ್ಲಿ ಪ್ರಮಾಣವೆನಿಸಿದ್ದ ಗ್ರಂಥ 1890ರಲ್ಲಿ ಪ್ರಕಟವಾದ ಬೂಲಾಂಜೆಯದು. ಆತನು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕುಳಿತು, ಮದ್ಯಸಾರದ ಸೀಸೆಗಳಲ್ಲಿ ಬಂದ ಬಣ್ಣಗೆಟ್ಟ ದೇಹಗಳನ್ನು ಅಳೆದು ಬರೆದವನು. ಆತನ ವಿದ್ವತ್ತು ದೊಡ್ಡದು. ಆದರೆ ಸೀಸೆಯ ಕಪ್ಪೆ ಕೂಗುವುದಿಲ್ಲ, ಅದರ ಮರಿ ಯಾವ ಹೊಂಡದಲ್ಲಿ ಬೆಳೆಯಿತೆಂಬುದನ್ನು ಹೇಳುವುದೂ ಇಲ್ಲ. ಆ ಕೊರತೆಯನ್ನು ತುಂಬಬಲ್ಲವನು ಕಪ್ಪೆಯ ನೆರೆಹೊರೆಯವನೇ.

ರಾಯರು ಮೊದಲು ಕೈಹಾಕಿದ ವಿಷಯಗಳಲ್ಲಿ ಗೊದಮೊಟ್ಟೆಯೂ ಒಂದು. ಮಳೆಗಾಲದ ಹೊಂಡದಲ್ಲಿ ನಾವೆಲ್ಲರೂ ಬೊಗಸೆಯಲ್ಲಿ ಹಿಡಿದು ಆಡಿದ ಆ ಕಪ್ಪು ಮರಿ ಯಾವ ಕಪ್ಪೆಯದೆಂದು ಹೇಳುವುದು ಸುಲಭವಲ್ಲ. ಬಾಲವಿರುವ ಮರಿಗೂ ಬಾಲವಿಲ್ಲದ ತಾಯಿಗೂ ಹೋಲಿಕೆಯೇ ಇಲ್ಲ. ಅದರ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ಕೊಂಬಿನಂತಹ ಗಟ್ಟಿ ಕೊಕ್ಕು, ತುಟಿಗಳ ಮೇಲೆ ಸೂಕ್ಷ್ಮವಾದ ಹಲ್ಲುಗಳ ಸಾಲುಗಳು; ಮೇಲಿನ ತುಟಿಯಲ್ಲಿ ಎಷ್ಟು ಸಾಲು, ಕೆಳಗಿನದರಲ್ಲಿ ಎಷ್ಟು, ಯಾವುದು ನಡುವೆ ತುಂಡಾಗಿದೆ ಎಂಬ ಲೆಕ್ಕದಿಂದ ಕುಲ ಗೊತ್ತಾಗುತ್ತದೆ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಸ್ಥಾಪಕರಾದ ಆನಂಡೇಲರೊಂದಿಗೆ ಸೇರಿ ರಾಯರು ಭಾರತದ ಗೊದಮೊಟ್ಟೆಗಳನ್ನು ಕುರಿತ ಲೇಖನವನ್ನು 1918ರಲ್ಲಿ ಪ್ರಕಟಿಸಿದರು. ಅದನ್ನು ತಿಳಿದ ಮೇಲೆ ನಾನೂ ಕಂದಕದ ಅಂಚಿನಲ್ಲಿ ಭೂತಗನ್ನಡಿ ಹಿಡಿದು ಕುಳಿತೆ. ಮೂರು ಸಂಜೆಗಳಾದರೂ ಒಂದು ಮರಿಯ ಹಲ್ಲಿನ ಸಾಲನ್ನು ಸರಿಯಾಗಿ ಎಣಿಸಲಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಬಯಲಿನಿಂದ ಅವರ ಹುಡುಕಾಟ ಮಲೆನಾಡಿಗೆ ಏರಿತು. ಕೊಡಗಿನ ಜೌಗಿನಲ್ಲಿ ದೊರೆತ ಒಂದು ಕಪ್ಪೆಯನ್ನು 1920ರಲ್ಲಿ ವರ್ಣಿಸಿ ಅವರಿಟ್ಟ ಲ್ಯಾಟಿನ್ ಹೆಸರು ಸಾಂಕ್ಟಿಪಾಲುಸ್ಟ್ರಿಸ್. ಪವಿತ್ರವಾದ ಜೌಗಿನಲ್ಲಿರುವುದು ಎಂದು ಅದರ ಅರ್ಥ. ಕಾವೇರಿ ಹುಟ್ಟುವ ಸೀಮೆಯ ಕೆಸರನ್ನು ಪವಿತ್ರವೆಂದು ಲ್ಯಾಟಿನ್ನಿನಲ್ಲಿ ಬರೆಯುವುದಕ್ಕೆ ನಮ್ಮವರೇ ಬೇಕಾಗಿತ್ತು. ಲಂಡನ್ನಿನ ಮೇಜಿನ ಮೇಲೆ ಆ ಹೆಸರು ಹುಟ್ಟುತ್ತಿರಲಿಲ್ಲವೆಂದು ನನ್ನ ನಂಬಿಕೆ. 1925ರಲ್ಲಿ ರಾಮಣ್ಣ ಎಂಬವರೊಡನೆ ಸೇರಿ ಸಣ್ಣ ಬಾಯಿಯ ಕಪ್ಪೆಗಳ ಹೊಸದೊಂದು ಕುಲವನ್ನು ಸ್ಥಾಪಿಸಿ ಅದಕ್ಕೆ ರಾಮನೆಲ್ಲ ಎಂದು ಹೆಸರಿಟ್ಟರು.

ಇದರ ನಡುವೆ ಇನ್ನೊಂದು ಭಾರವೂ ಹೆಗಲಿಗೆ ಬಂತು. 1932ರಲ್ಲಿ ಬೆಂಗಳೂರಿನಿಂದ ಹೊರಟ ಕರೆಂಟ್ ಸೈನ್ಸ್ ಪತ್ರಿಕೆಗೆ ಅವರೇ ಮೊದಲ ಸಂಪಾದಕರು. ಹತ್ತು ವರ್ಷ ಅದನ್ನು ನಡೆಸಿದರು. ವಿಜ್ಞಾನ ಲೋಕದಲ್ಲಿ ಅವರ ಹೆಸರು ಬಹುಮಟ್ಟಿಗೆ ಉಳಿದದ್ದು ಇದರಿಂದಲೇ. ಅದು ನ್ಯಾಯವೇ ಸರಿ. ನನಗೆ ಮಾತ್ರ ಸಂಪಾದಕರ ಕುರ್ಚಿಗಿಂತ ಕೆಂಪುಹೊಳೆಯ ತೊರೆಯ ಕಲ್ಲೇ ಅವರಿಗೆ ಒಪ್ಪುವ ಪೀಠವಾಗಿ ತೋರುತ್ತದೆ.

1937ರಲ್ಲಿ, ನಿವೃತ್ತಿಯ ವರ್ಷದಲ್ಲಿಯೇ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳ ವರ್ಣನೆಯನ್ನು ಒಟ್ಟಿಗೆ ಪ್ರಕಟಿಸಿದರು. ಸಕಲೇಶಪುರದ ಘಟ್ಟದ ಕೆಂಪುಹೊಳೆ, ಮೂಡಿಗೆರೆಯ ಆಚೆಯ ಕೊಟ್ಟಿಗೆಹಾರ, ಈ ನಮ್ಮ ಊರುಗಳ ಹೆಸರುಗಳು ಕಪ್ಪೆಗಳ ಹೆಸರಾಗಿ ಜಗತ್ತಿನ ಪಟ್ಟಿಯನ್ನು ಸೇರಿದ್ದು ಹಾಗೆ. ಕೊಟ್ಟಿಗೆಹಾರದ ಕಪ್ಪೆ ಬಲು ಪುಟ್ಟದು. ತೊರೆಯ ಮೊರೆತದಲ್ಲಿ ಕೂಗೊಂದನ್ನೇ ನೆಚ್ಚಲಾಗದೆ, ಗಂಡು ಹಿಂಗಾಲನ್ನು ಚಾಚಿ ಬೆರಳುಗಳನ್ನು ಬಿಡಿಸಿ ಬೀಸುತ್ತದೆ. ಇಂದು ಅದನ್ನು ಕುಣಿಯುವ ಕಪ್ಪೆಯೆಂದು ಕರೆಯುತ್ತಾರೆ.

ರಾಯರು 1960ರ ಜನವರಿಯಲ್ಲಿ ತೀರಿಕೊಂಡರು. ಆದರೆ ಅವರ ಕಥೆಯಲ್ಲಿ ನನ್ನನ್ನು ಕಾಡಿದ ಭಾಗ ಬೇರೆ. ಹೊಸ ಪ್ರಾಣಿಗೆ ಹೆಸರಿಡುವಾಗ ಯಾವ ದೇಹವನ್ನು ನೋಡಿ ವರ್ಣಿಸಿದರೋ ಆ ದೇಹವನ್ನೇ ಸಾಕ್ಷಿಯಾಗಿ ಕಾಪಾಡಬೇಕು. ಮುಂದೆ ಸಂದೇಹ ಬಂದಾಗ ವಿದ್ವಾಂಸರು ಹೋಗಿ ನೋಡುವುದು ಅದನ್ನೇ. ಸೆಂಟ್ರಲ್ ಕಾಲೇಜಿನಲ್ಲಿ ಇರಿಸಿದ್ದ ರಾಯರ ಆ ಸಂಗ್ರಹ ಕಳೆದುಹೋಯಿತು. ಹೆಸರುಗಳು ಉಳಿದವು, ದೇಹಗಳು ಉಳಿಯಲಿಲ್ಲ. ಅವರ ವರ್ಣನೆಗಳು ಕೆಲವೆಡೆ ಚಿಕ್ಕವಾದ್ದರಿಂದ, ಇಂದಿಗೂ ಕೆಲವು ಹೆಸರುಗಳು ಯಾವ ಕಪ್ಪೆಯವೆಂದು ನಿರ್ಣಯವಾಗಿಲ್ಲ. ಭಕ್ತಿಯಿಂದ ಈ ಕೊರತೆಯನ್ನು ಮುಚ್ಚಿಡುವುದು ಸರಿಯಲ್ಲ. ರಾಯರೇ ಶಾಸ್ತ್ರಜ್ಞರು, ಅವರೂ ಅದನ್ನು ಮೆಚ್ಚುತ್ತಿರಲಿಲ್ಲ.

ಸೀಸೆಗಳು ಇಲ್ಲವಾದ ಮೇಲೆ ಉಳಿದ ದಾರಿ ಒಂದೇ: ರಾಯರು ನಿಂತ ತೊರೆಯಲ್ಲಿಯೇ ಮತ್ತೆ ಹೋಗಿ, ಮಳೆಯಲ್ಲಿ, ಕತ್ತಲೆಯಲ್ಲಿ ಹುಡುಕುವುದು. ಬಿಜು ಅವರೂ ಸಂಗಡಿಗರೂ ಹಾಗೆಯೇ ಹುಡುಕಿದರು. ಕೊಡಗಿನ ಆ ಜೌಗಿನ ಕಪ್ಪೆ 91 ವರ್ಷಗಳ ಬಳಿಕ ಪತ್ತೆಯಾಯಿತೆಂದು 2011ರಲ್ಲಿ ಪ್ರಕಟವಾಯಿತು. ಕೆಂಪುಹೊಳೆಯ ಕಪ್ಪೆಯೂ ಮುಕ್ಕಾಲು ಶತಮಾನದ ಅಜ್ಞಾತವಾಸದಿಂದ ಹೊರಬಂದಿತು. ಅದಕ್ಕೆ ಒಂದು ವರ್ಷ ಮೊದಲು, 2010ರಲ್ಲಿ, ಪೊದೆಗಳಲ್ಲಿ ಬಾಳುವ ಪುಟ್ಟ ಕಪ್ಪೆಗಳ ಒಂದು ಕುಲಕ್ಕೆ ರಾಯರ ನೆನಪಿಗಾಗಿ ರಾವೋರ್ಕೆಸ್ಟಿಸ್ ಎಂಬ ಹೆಸರನ್ನಿಟ್ಟಿದ್ದರು. ಈ ಕುಲದ ಕಪ್ಪೆಗಳಿಗೆ ನೀರಿನಲ್ಲಿ ಈಜುವ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಮೊಟ್ಟೆಯೊಳಗೇ ಬೆಳೆದು ಪುಟ್ಟ ಕಪ್ಪೆಯಾಗಿ ಹೊರಬರುತ್ತವೆ. ಗೊದಮೊಟ್ಟೆಯ ಹಲ್ಲು ಎಣಿಸಿದವರ ಹೆಸರು ಗೊದಮೊಟ್ಟೆಯಿಲ್ಲದ ಕುಲಕ್ಕೆ ಸಂದಿತೆಂದು ನನಗೆ ನಗು ಬಂತು.

ರಾಮನೆಲ್ಲ ಎಂಬ ಹೆಸರಿಗೆ ಅಂತಹ ಭಾಗ್ಯವಿರಲಿಲ್ಲ. ಅನುವಂಶಿಕ ಧಾತುವಿನ ಪರೀಕ್ಷೆಯಿಂದ ಅದರ ಕಪ್ಪೆಗಳು ಬೇರೆ ಕುಲವಲ್ಲವೆಂದು ತೋರಿ, 2016ರಲ್ಲಿ ಅವನ್ನು ಹಳೆಯ ಕುಲವೊಂದಕ್ಕೆ ಸೇರಿಸಿದರು. ಆ ಹಳೆಯ ಕುಲವೇ ಯೂಪೆರೊಡಾನ್: ಕಮಲಾಪುರದ ತೋಟದಲ್ಲಿ ನಾನು ಕಂಡ ಚೆಂಡುಕಪ್ಪೆಯ ಕುಲ.

ಮರುವರ್ಷ ಮಿರಗ ಕೂಡಿದಾಗ ಈ ವಿಷಯವನ್ನು ಯಜಮಾನರಿಗೆ ಹೇಳಲೆಂದೇ ಕಮಲಾಪುರಕ್ಕೆ ಹೋದೆ. ಬಳ್ಳಾರಿಯಲ್ಲಿ ಓದಿದವರೊಬ್ಬರು ಇದರ ಬಳಗದವಕ್ಕೆ ಹೆಸರಿಟ್ಟಿದ್ದರು ಎಂದೆ. ಅವರು ತಲೆದೂಗಿ, ಬಾಳೆಯ ಬುಡದತ್ತ ಬ್ಯಾಟರಿ ಹಿಡಿದರು. ಒದ್ದೆ ಮಣ್ಣಿನ ಮೇಲೆ ಕಪ್ಪೆ ಕುಳಿತಿತ್ತು. ನಾವು ನೋಡುತ್ತಿದ್ದಂತೆಯೇ ಹಿಂಗಾಲುಗಳಿಂದ ಮಣ್ಣನ್ನು ತೋಡುತ್ತ, ಹಿಂದುಹಿಂದಾಗಿ ಇಳಿಯತೊಡಗಿತು. ಮೊದಲು ಹೊಟ್ಟೆ, ಆಮೇಲೆ ಬೆನ್ನು, ಕಡೆಗೆ ಎರಡು ಕಣ್ಣು. ಮಣ್ಣು ಮುಚ್ಚಿಕೊಂಡಿತು.